ಸಕ್ಕರೆ ಕಾಯಿಲೆಯ ಗುಂಪು ತರಗತಿ: ಹತ್ತು ಜನರ ಎದುರು ನನ್ನ ಶುಗರ್ ಎಷ್ಟು ಅಂತ ಯಾಕೆ ಹೇಳಬೇಕು?

ಪ್ರಶ್ನೆ: ನನಗೆ 54 ವರ್ಷ. ಆರು ವರ್ಷದಿಂದ ಟೈಪ್ 2 ಮಧುಮೇಹ ಇದೆ. ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಮಾತ್ರೆ ತಗೊಳ್ತೇನೆ. ಈ ಸಲ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ರಕ್ತಪರೀಕ್ಷೆಯಲ್ಲಿ 8.6 ಬಂತು. ಔಷಧಿ ಬದಲಿಸುವ ಮೊದಲು ವಾರಕ್ಕೊಂದರಂತೆ ಆರು ವಾರ ನಡೆಯುವ ಗುಂಪು ತರಗತಿಗೆ ಹೋಗಿ ಬನ್ನಿ ಅಂದರು ನಮ್ಮ ಡಾಕ್ಟರ್. ನನಗೆ ಇಷ್ಟವಿಲ್ಲ. ಏನು ತಿನ್ನಬೇಕು, ಏನು ತಿನ್ನಬಾರದು ಅಂತ ಆಗಲೇ ಗೊತ್ತು. ಎಲ್ಲ ವಿಡಿಯೊದಲ್ಲೇ ಸಿಗುತ್ತೆ ಅಂತಾನೆ ಮಗ. ಗುರುತಿಲ್ಲದವರ ಮುಂದೆ ನನ್ನ ಶುಗರ್ ಹೇಳಿಕೊಳ್ಳಲು ನಾಚಿಕೆ. ಪರಿಚಯದವರೊಬ್ಬರು ಇಂಥದೇ ಗುಂಪಿಗೆ ಹೋಗಿ, ಅಲ್ಲಿ ಯಾರೋ ಹೇಳಿದ್ದು ಕೇಳಿ ಮಾತ್ರೆ ಬಿಟ್ಟು, ಆಮೇಲೆ ಆಸ್ಪತ್ರೆ ಸೇರಿದರು. ಕಾಲು ಕಳೆದುಕೊಂಡವರು, ಇನ್ಸುಲಿನ್ ಚುಚ್ಚಿಕೊಳ್ಳುವವರ ಜೊತೆ ಕೂತರೆ ಭಯ ಜಾಸ್ತಿ ಆಗುತ್ತೆ. ಇನ್ನೊಂದು: ಬೆಳಗ್ಗೆ ಖಾಲಿ ಹೊಟ್ಟೆಯ ಶುಗರ್ ಜಾಸ್ತಿ ಇರುತ್ತೆ ಅಂತ ರಾತ್ರಿ ಊಟ ತುಂಬಾ ಕಡಿಮೆ ಮಾಡಿದ್ದೇನೆ. ಆದರೂ ಇಳಿದಿಲ್ಲ. ಮಧ್ಯಾಹ್ನ ಊಟ ತಡವಾದರೆ ಕೈ ನಡುಗುತ್ತೆ, ಬೆವರುತ್ತೆ, ಆಗ ಸಿಕ್ಕಿದ್ದು ತಿಂದುಬಿಡುತ್ತೇನೆ. ತರಗತಿಗೆ ಹೋಗಲೇಬೇಕಾ? ಒಬ್ಬಳೇ ಡಯಟಿಶಿಯನ್ ಹತ್ತಿರ ಹೋದರೆ ಸಾಲದಾ?

ಉತ್ತರ:

ನೀವು ಕೊನೆಯಲ್ಲಿ ‘ಇನ್ನೊಂದು’ ಅಂತ ಬರೆದುಬಿಟ್ಟಿರುವ ವಿಷಯವನ್ನೇ ನಾನು ಮೊದಲು ಎತ್ತಿಕೊಳ್ಳುತ್ತೇನೆ. ಕೈ ನಡುಕ, ಬೆವರು ತರಗತಿ ಶುರುವಾಗುವವರೆಗೆ ಕಾಯುವಂಥದ್ದಲ್ಲ. ಗ್ಲಿಮೆಪಿರೈಡ್ ಮಾತ್ರೆ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ. ನೀವು ಊಟ ಮಾಡಿದ್ದೀರೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ. ಊಟ ತಡವಾಯಿತು ಅಂದರೆ ರಕ್ತದ ಸಕ್ಕರೆ ಕೆಳಗೆ ಜಾರುತ್ತದೆ. ಮೆಟ್‌ಫಾರ್ಮಿನ್ ಒಂದನ್ನೇ ತಗೊಳ್ಳುವವರಿಗೆ ಈ ಕಾಟ ಅಪರೂಪ.

ಮುಂದಿನ ಸಲ ನಡುಕ ಬಂದಾಗ ತಿನ್ನುವ ಮೊದಲು ಮೀಟರ್‌ನಲ್ಲಿ ನೋಡಿ. ಪ್ರತಿ ಡೆಸಿಲೀಟರ್‌ಗೆ 70 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಅದು ಲೋ ಶುಗರ್. 54ಕ್ಕಿಂತ ಕೆಳಗೆ ಹೋದರೆ ಗಂಭೀರ. ಮೀಟರ್ ಕೈಗೆ ಸಿಗದಿದ್ದರೆ ಹುಡುಕುತ್ತ ಕೂರಬೇಡಿ, ಲೋ ಅಂತಲೇ ಅಂದುಕೊಳ್ಳಿ. 15 ಗ್ರಾಂ ಗ್ಲೂಕೋಸ್, ಅದಿಲ್ಲದಿದ್ದರೆ ಮೂರು ನಾಲ್ಕು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಏರಿಲ್ಲದಿದ್ದರೆ ಇನ್ನೊಮ್ಮೆ ಅಷ್ಟೇ. ಏರಿದ ಮೇಲೆ ಊಟ ಮಾಡಿ. ಬಿಸ್ಕತ್ತು, ಚಾಕೊಲೇಟ್ ಬೇಡ. ಅದರಲ್ಲಿರುವ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ. ಈ 15 ನಿಮಿಷ ಕಾಯುವುದೇ ಕಷ್ಟದ ಭಾಗ, ಆ ಹೊತ್ತಿನ ಹಸಿವು ಅಂಥದ್ದು. ಅಡುಗೆಮನೆಯಲ್ಲಿ ಸಿಕ್ಕಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ, ಎರಡು ಗಂಟೆ ಬಿಟ್ಟು ನೋಡಿದರೆ ಮೀಟರ್ 280 ತೋರಿಸುತ್ತದೆ. ಮುಂದೆ ಎಂದಾದರೂ ಅಕಾರ್ಬೋಸ್ ಅಥವಾ ವೋಗ್ಲಿಬೋಸ್ ಮಾತ್ರೆ ಸೇರಿಸಿದರೆ ಆಗ ಅಡುಗೆ ಸಕ್ಕರೆ ಸಾಲದು, ಗ್ಲೂಕೋಸೇ ಬೇಕು. ಆ ಮಾತ್ರೆಗಳು ಸಾಮಾನ್ಯ ಸಕ್ಕರೆ ಒಡೆಯುವುದನ್ನೇ ನಿಧಾನ ಮಾಡುತ್ತವೆ. ಮನೆಯವರಿಗೂ ಒಂದು ಮಾತು ಹೇಳಿಡಿ: ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ನೇರ ಆಸ್ಪತ್ರೆಗೆ ಕರೆದೊಯ್ಯಬೇಕು.

ನಿಮ್ಮ 8.6 ನೋಡಿ ‘ಇವರಿಗೆ ಶುಗರ್ ಯಾವಾಗಲೂ ಜಾಸ್ತಿ’ ಅಂತ ಯಾರಾದರೂ ಅಂದುಕೊಳ್ಳಬಹುದು. ಎಚ್‌ಬಿಎ1ಸಿ ಹಿಂದಿನ ಎರಡು ಮೂರು ತಿಂಗಳ ಶುಗರ್‌ನ ಸರಾಸರಿ. 8.6 ಅಂದರೆ ಸರಾಸರಿ ಸುಮಾರು 200. ಸರಾಸರಿಯ ಗುಣವೇ ಹಾಗೆ, 60 ಮತ್ತು 340 ಎರಡನ್ನೂ ಅದು ಒಳಗೆ ಬಚ್ಚಿಟ್ಟುಕೊಳ್ಳುತ್ತದೆ. ಹಾಗಾಗಿ ಈ ನಡುಕದ ವಿಷಯ ಡಾಕ್ಟರ್‌ಗೆ ಗೊತ್ತಿಲ್ಲದಿದ್ದರೆ ಅವರು ಮಾತ್ರೆಯ ಡೋಸ್ ಏರಿಸಿಬಿಡುವ ಸಾಧ್ಯತೆ ಇದೆ. ಆಗ ಲೋ ಇನ್ನೂ ಜಾಸ್ತಿ. ಈ ವಾರವೇ ಫೋನ್ ಮಾಡಿ ಹೇಳಿ. ಡೋಸ್ ಇಳಿಸಬಹುದು, ಬೇರೆ ಮಾತ್ರೆ ಕೊಡಬಹುದು, ಊಟದ ಹೊತ್ತು ಹೊಂದಿಸಿಕೊಳ್ಳಿ ಅನ್ನಬಹುದು. ಯಾವುದು ಅನ್ನುವುದು ಅವರ ತೀರ್ಮಾನ. ನೀವೇ ಮಾತ್ರೆ ಅರ್ಧ ಮಾಡಿಕೊಳ್ಳಬೇಡಿ.

ಬೆಳಗಿನ ಶುಗರ್ ವಿಷಯವೂ ಅಷ್ಟೇ. ನೀವು ರಾತ್ರಿಯ ಊಟವನ್ನು ಆರೋಪಿ ಮಾಡಿದ್ದೀರಿ. ಬೆಳಗಿನ ಜಾವ ದೇಹ ಏಳಲು ತಯಾರಾಗುವಾಗ ಕಾರ್ಟಿಸಾಲ್, ಬೆಳವಣಿಗೆ ಹಾರ್ಮೋನ್ ಮುಂತಾದವು ಏರುತ್ತವೆ. ಲಿವರ್ ತನ್ನಲ್ಲಿ ಕೂಡಿಟ್ಟ ಗ್ಲೂಕೋಸನ್ನು ರಕ್ತಕ್ಕೆ ಬಿಡುತ್ತದೆ. ಕಾಯಿಲೆ ಇಲ್ಲದವರಲ್ಲಿ ಇನ್ಸುಲಿನ್ ಅದನ್ನು ತಡೆಹಿಡಿಯುತ್ತದೆ, ಟೈಪ್ 2 ಇದ್ದವರಲ್ಲಿ ಆ ತಡೆ ಸಡಿಲ. ರಾತ್ರಿ ಉಪವಾಸ ಇದ್ದರೂ ಬೆಳಗ್ಗೆ 180 ಕಾಣಿಸುವುದು ಇದರಿಂದ. ಹಸಿದು ಮಲಗಿ, ಬೆಳಗ್ಗೆ ಮೀಟರ್ ನೋಡಿ ಬೇಸರಪಟ್ಟು, ಇನ್ನಷ್ಟು ಊಟ ಕಡಿಮೆ ಮಾಡುವವರನ್ನು ನಾನು ಕ್ಲಿನಿಕ್‌ನಲ್ಲಿ ದಿನಾ ನೋಡುತ್ತೇನೆ.

ಈಗ ನೋಡಿ. ಏನು ತಿನ್ನಬೇಕು ಅಂತ ಗೊತ್ತಿದೆ ಅಂದಿರಿ. ಅದನ್ನು ನಾನು ನಂಬುತ್ತೇನೆ. ಆರು ವರ್ಷ ಈ ಕಾಯಿಲೆಯ ಜೊತೆ ಇದ್ದವರಿಗೆ ತಿನ್ನುವ ಪಟ್ಟಿ ಬಾಯಿಪಾಠ ಆಗಿರುತ್ತದೆ. ಆದರೆ ನಿಮ್ಮ ಎರಡೂ ತೊಂದರೆ ಪಟ್ಟಿಯಿಂದ ಬಗೆಹರಿಯುವಂಥವಲ್ಲ. ಬೆಳಗ್ಗೆ ಒಂದು ಸಂಖ್ಯೆ ಕಂಡಿತು, ಅದು ಯಾಕೆ ಬಂತು, ಈಗ ಏನು ಮಾಡಲಿ? ಇದನ್ನು ಯಾರೂ ನಿಮಗೆ ಕಲಿಸಿಲ್ಲ. ನನ್ನ ಕ್ಷೇತ್ರದಲ್ಲಿ ಎಲ್ಲರೂ ಹೇಳುವ ಲೆಕ್ಕ ಒಂದಿದೆ. ವರ್ಷಕ್ಕೆ 8,760 ಗಂಟೆ. ಮೂರು ತಿಂಗಳಿಗೊಮ್ಮೆ 15 ನಿಮಿಷ ಡಾಕ್ಟರ್ ಹತ್ತಿರ ಕೂತರೆ ಅದು ವರ್ಷಕ್ಕೆ ಒಂದು ಗಂಟೆ. ಉಳಿದ 8,759 ಗಂಟೆ ಈ ಕಾಯಿಲೆಯನ್ನು ನಡೆಸುವವರು ನೀವೇ. ಜ್ವರ ಬಂದು ಊಟ ಸೇರದ ದಿನ ಮಾತ್ರೆ ತಗೊಳ್ಳಬೇಕಾ, ದೂರ ಪ್ರಯಾಣದಲ್ಲಿ ಊಟದ ಹೊತ್ತು ತಪ್ಪಿದರೆ ಏನು, ಮಲಗುವಾಗ 90 ಇದ್ದರೆ ಸುಮ್ನೆ ಮಲಗಬಹುದಾ? ಗುಂಪು ತರಗತಿ ಇರುವುದು ಇಂಥ ತೀರ್ಮಾನಗಳನ್ನು ಅಭ್ಯಾಸ ಮಾಡಲು. ಮಾಹಿತಿ ತುಂಬಿಸುವುದಷ್ಟೇ ಅದರ ಕೆಲಸವಾಗಿದ್ದರೆ ನಿಮ್ಮ ಮಗ ಹೇಳಿದ್ದೇ ಸರಿ, ವಿಡಿಯೊ ಸಾಕು.

ತರಗತಿಯೊಳಗೆ ಏನಾಗುತ್ತದೆ ಅಂತ ಹೇಳದೆ ‘ಹೋಗಿ’ ಅನ್ನುವುದು ನ್ಯಾಯವಲ್ಲ. ನಾನು ಡಾಕ್ಟರ್, ಜೊತೆಗೆ ಇಂಥ ತರಗತಿಗಳನ್ನೂ ನಡೆಸುತ್ತೇನೆ. ನನಗೆ ಅತ್ಯಂತ ಇಷ್ಟದ ಅಭ್ಯಾಸ ಒಂದಿದೆ. ಎಲ್ಲರೂ ಮನೆಯಲ್ಲಿ ಒಂದು ಊಟದ ಮೊದಲು ಮತ್ತು ಊಟ ಶುರು ಮಾಡಿ ಎರಡು ಗಂಟೆಯ ನಂತರ ಶುಗರ್ ನೋಡಿ, ಹೆಸರು ಬರೆಯದ ಚೀಟಿಯಲ್ಲಿ ತರುತ್ತಾರೆ. ಬೋರ್ಡಿನ ಮೇಲೆ ಎಲ್ಲವನ್ನೂ ಬರೆಯುತ್ತೇವೆ. ಒಂದೇ ಬಗೆಯ ಊಟಕ್ಕೆ ಒಬ್ಬರಿಗೆ 35 ಏರಿರುತ್ತದೆ, ಇನ್ನೊಬ್ಬರಿಗೆ 120. ‘ಯಾಕಿರಬಹುದು?’ ಅಂತ ಕೇಳಿ ನಾನು ಸುಮ್ಮನಾಗುತ್ತೇನೆ. ನಿಧಾನವಾಗಿ ಮಾತು ಹೊರಡುತ್ತದೆ. ಒಬ್ಬರು ಊಟವಾದ ತಕ್ಷಣ ಮಲಗಿದ್ದರು. ಒಬ್ಬರು ಹಿಂದಿನ ರಾತ್ರಿ ನಿದ್ದೆ ಮಾಡಿರಲಿಲ್ಲ. ಒಬ್ಬರ ಮೊಣಕಾಲಿಗೆ ಸ್ಟಿರಾಯ್ಡ್ ಚುಚ್ಚುಮದ್ದು ಕೊಟ್ಟಿದ್ದರು, ಅದು ಶುಗರ್ ಏರಿಸುತ್ತದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. 35 ಮಾತ್ರ ಏರಿದವರು ಮೊದಲು ತರಕಾರಿ, ಕಾಳು ತಿಂದು ಕೊನೆಗೆ ಧಾನ್ಯ ತಿಂದಿದ್ದರು. ಇದೆಲ್ಲ ನಾನು ಭಾಷಣದಲ್ಲಿ ಹೇಳಿದ್ದರೆ ಮರುದಿನಕ್ಕೆ ಮರೆತುಹೋಗುತ್ತಿತ್ತು. ತಾವೇ ಪತ್ತೆ ಮಾಡಿದ್ದು ಮರೆಯುವುದಿಲ್ಲ. ಮುಂದಿನ ವಾರ ಊಟದ ನಂತರ ಸ್ವಲ್ಪ ನಡೆದಾಡಿ ಮತ್ತೆ ಸಂಖ್ಯೆ ತರುತ್ತಾರೆ. ಯಾರೂ ಹೇಳದಿದ್ದರೂ.

ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕಲಿಸಿದಾಗ ಈ ಹೋಲಿಕೆ ಸಿಗುವುದಿಲ್ಲ. ಅಲ್ಲಿ ಇರುವುದು ನಿಮ್ಮ ಸಂಖ್ಯೆ, ಎದುರಿಗೆ ನಾನು. ಸಂಖ್ಯೆ ಕೆಟ್ಟದಾಗಿದ್ದರೆ ನೀವು ತಪ್ಪಿತಸ್ಥರ ಹಾಗೆ ಕೂರುತ್ತೀರಿ, ನಾನು ಎಷ್ಟೇ ಮೃದುವಾಗಿ ಮಾತಾಡಿದರೂ.

ಇದು ಹೊಸದಾಗಿ ಹುಟ್ಟಿದ ಯೋಚನೆಯೂ ಅಲ್ಲ. ಇನ್ಸುಲಿನ್ ಇನ್ನೂ ಬಳಕೆಗೆ ಬಾರದ ಕಾಲದಲ್ಲೇ, 1918ರಲ್ಲಿ, ಬಾಸ್ಟನ್‌ನ ವೈದ್ಯ ಎಲಿಯಟ್ ಜೋಸ್ಲಿನ್ ರೋಗಿಗಳು ತಾವೇ ಓದಿಕೊಳ್ಳುವಂಥ ಕೈಪಿಡಿ ಬರೆದಿದ್ದರು. ರೋಗಿಗೆ ಕಲಿಸುವುದು ಚಿಕಿತ್ಸೆಯ ಒಂದು ಭಾಗ ಅನ್ನುವುದು ಅವರ ನಿಲುವು. ಆಮೇಲೆ ಜರ್ಮನಿಯ ಡ್ಯೂಸೆಲ್‌ಡಾರ್ಫ್‌ನಲ್ಲಿ ಟೈಪ್ 1 (ದೇಹ ತಾನೇ ಇನ್ಸುಲಿನ್ ತಯಾರಿಸಲಾಗದ ಮಧುಮೇಹ) ಇದ್ದವರನ್ನು ಚಿಕ್ಕ ಗುಂಪಿನಲ್ಲಿ ಐದು ದಿನ ಕೂರಿಸಿ, ಊಟಕ್ಕೆ ತಕ್ಕ ಇನ್ಸುಲಿನ್ ಲೆಕ್ಕ ಹಾಕುವುದನ್ನು ಕಲಿಸುವ ಪದ್ಧತಿ ಬೆಳೆಯಿತು. ಬ್ರಿಟನ್ನಿನವರು ಅದನ್ನು ‘ಡಾಫ್ನೆ’ ಅನ್ನುವ ಹೆಸರಿನಲ್ಲಿ ತಂದು ಪರೀಕ್ಷಿಸಿ, 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಶುಗರ್ ಹಿಡಿತ ಸುಧಾರಿಸಿತು, ಊಟದ ಸ್ವಾತಂತ್ರ್ಯವೂ ಸಿಕ್ಕಿತು. ಟೈಪ್ 2 ಇದ್ದವರಿಗೆ ಅದೇ ದೇಶದಲ್ಲಿ ‘ಎಕ್ಸ್‌ಪರ್ಟ್’ ಎಂಬ ತರಗತಿ ಇದೆ. ವಾರಕ್ಕೆ ಎರಡು ಗಂಟೆ, ಆರು ವಾರ. ನಿಮಗೆ ಹೇಳಿರುವುದೂ ಹೆಚ್ಚುಕಡಿಮೆ ಇದೇ ಅಳತೆಯದು.

ಫಲ ಎಷ್ಟು ಅಂತ ಕೇಳಿದರೆ, ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಟೈಪ್ 2 ಇದ್ದವರ ಗುಂಪು ತರಗತಿಗಳ ಮೇಲಿನ 11 ಅಧ್ಯಯನಗಳನ್ನು ಒಟ್ಟುಗೂಡಿಸಿ 2005ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ ವಿಮರ್ಶೆ ಬಂತು. ವರ್ಷದ ಕೊನೆಗೆ ಎಚ್‌ಬಿಎ1ಸಿ ಸರಾಸರಿ 0.8ರಷ್ಟು ಇಳಿದಿತ್ತು. ಹೋದ ಐವರಲ್ಲಿ ಒಬ್ಬರಿಗೆ ಮಧುಮೇಹದ ಔಷಧಿ ಕಡಿಮೆಯಾಗುವ ಲೆಕ್ಕ ಸಿಕ್ಕಿತು. ಒಂದು ಮಾತ್ರೆ ಸೇರಿಸಿದರೆ ಸಿಗುವ ಇಳಿಕೆಗೆ ಇದು ಹತ್ತಿರದ್ದು. ಆದರೆ ಎಲ್ಲ ತರಗತಿಯೂ ಹೀಗಿಲ್ಲ. ಬ್ರಿಟನ್ನಿನದೇ ಇನ್ನೊಂದು, ‘ಡೆಸ್ಮಂಡ್’, ಹೊಸದಾಗಿ ಕಾಯಿಲೆ ಪತ್ತೆಯಾದವರಿಗೆ ಒಟ್ಟು ಆರೇ ಗಂಟೆ. 824 ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2008ರಲ್ಲಿ ಬಂತು. ಹೋದವರ ತೂಕ ಸ್ವಲ್ಪ ಜಾಸ್ತಿ ಇಳಿಯಿತು, ಸಿಗರೇಟು ಬಿಟ್ಟವರು ಹೆಚ್ಚು, ಕಾಯಿಲೆಯ ಬಗ್ಗೆ ತಿಳಿವಳಿಕೆ ಚೆನ್ನಾಗಾಯಿತು. ಎಚ್‌ಬಿಎ1ಸಿ ಮಾತ್ರ ತರಗತಿಗೆ ಹೋಗದವರಲ್ಲೂ ಹೆಚ್ಚುಕಡಿಮೆ ಅಷ್ಟೇ ಇಳಿದಿತ್ತು.

ಈ ವ್ಯತ್ಯಾಸಕ್ಕೆ ಒಂದು ಮುಖ್ಯ ಕಾರಣ ಸಮಯ. 2002ರ ಒಂದು ವಿಶ್ಲೇಷಣೆ ಪ್ರಕಾರ ಎಚ್‌ಬಿಎ1ಸಿ ಒಂದು ಅಂಶ (ಅಂದರೆ 8.6ರಿಂದ 7.6ಕ್ಕೆ) ಇಳಿಯಲು ಕಲಿಸುವವರ ಜೊತೆ ಸುಮಾರು 24 ಗಂಟೆ ಕಳೆಯಬೇಕು. ಅದೇ ವಿಶ್ಲೇಷಣೆ ಇನ್ನೊಂದು ಮಾತೂ ಹೇಳಿತು: ಪಾಠ ಮುಗಿದ ಕೆಲವೇ ತಿಂಗಳಲ್ಲಿ ಫಲ ಸವೆಯಲು ಶುರುವಾಗುತ್ತದೆ. ನನ್ನ ಅನುಭವವೂ ಇದೇ. ಹಾಗಾಗಿ ಆರು ವಾರದ ತರಗತಿಯನ್ನು ನಾನು ಆರಂಭ ಅಂತಲೇ ನೋಡುತ್ತೇನೆ. ಇಟಲಿಯ ಟುರಿನ್‌ನ ವೈದ್ಯರು ಇನ್ನೂ ಮುಂದೆ ಹೋದರು. ಟೈಪ್ 2 ಇದ್ದವರ ಮಾಮೂಲಿ ಡಾಕ್ಟರ್ ಭೇಟಿಯನ್ನೇ ಗುಂಪಿನ ಭೇಟಿ ಮಾಡಿಬಿಟ್ಟರು. ಐದು ವರ್ಷದ ನಂತರ, 2004ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಒಬ್ಬೊಬ್ಬರೇ ಡಾಕ್ಟರನ್ನು ನೋಡುತ್ತಿದ್ದವರ ಎಚ್‌ಬಿಎ1ಸಿ ಏರುತ್ತ ಹೋಗಿತ್ತು. ಗುಂಪಿನವರದು ಶುರುವಿನಲ್ಲಿ ಎಲ್ಲಿತ್ತೋ ಅಲ್ಲೇ ನಿಂತಿತ್ತು. ವರ್ಷ ಕಳೆದಂತೆ ಏರುವುದೇ ಸಹಜವಾಗಿರುವ ಕಾಯಿಲೆಯಲ್ಲಿ ಅಲ್ಲೇ ನಿಲ್ಲಿಸುವುದು ಸಣ್ಣ ಸಾಧನೆಯಲ್ಲ.

ನಿಮ್ಮ ಪರಿಚಯದವರ ಕತೆಗೆ ಬರುತ್ತೇನೆ. ಅದು ನಿಜವಾದ ಅಪಾಯ, ಅದನ್ನು ತಳ್ಳಿಹಾಕುವುದಿಲ್ಲ. ಗುಂಪಿನಲ್ಲಿ ಯಾರಾದರೊಬ್ಬರು ಇದ್ದೇ ಇರುತ್ತಾರೆ. ‘ನಾನು ಮಾತ್ರೆ ಬಿಟ್ಟು ಎರಡು ವರ್ಷ ಆಯ್ತು, ಆರಾಮಾಗಿದ್ದೇನೆ’ ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿರಲಿಕ್ಕಿಲ್ಲ. ಕಾಯಿಲೆ ಶುರುವಾದ ಹೊಸತರಲ್ಲಿ ಚೆನ್ನಾಗಿ ತೂಕ ಇಳಿಸಿದವರಲ್ಲಿ ಕೆಲವರಿಗೆ ಮಾತ್ರೆಯಿಲ್ಲದೆ ಶುಗರ್ ಹಿಡಿತದಲ್ಲಿ ಇರುತ್ತದೆ. ಅದಕ್ಕೆ ಉಪಶಮನ ಅನ್ನುತ್ತೇವೆ. ಆದರೆ ಅವರ ಮೇದೋಜೀರಕ ಗ್ರಂಥಿ ಬೇರೆ, ನಿಮ್ಮದು ಬೇರೆ. ಬ್ರಿಟನ್ನಿನ ಯುಕೆಪಿಡಿಎಸ್ ಎಂಬ ದೊಡ್ಡ ಅಧ್ಯಯನದ ಲೆಕ್ಕದಲ್ಲಿ, ಟೈಪ್ 2 ಪತ್ತೆಯಾಗುವ ಹೊತ್ತಿಗೇ ಇನ್ಸುಲಿನ್ ತಯಾರಿಸುವ ಶಕ್ತಿ ಅರ್ಧದಷ್ಟು ಹೋಗಿರುತ್ತದೆ, ಆಮೇಲೂ ಕುಗ್ಗುತ್ತದೆ. ಆರು ವರ್ಷದ ನಂತರ ಹಠಾತ್ತಾಗಿ ಎಲ್ಲ ಮಾತ್ರೆ ಬಿಟ್ಟರೆ ಶುಗರ್ ವಾರಗಟ್ಟಲೆ ಏರುತ್ತಿದ್ದರೂ ಗೊತ್ತಾಗದೆ ಇರಬಹುದು. ಆಮೇಲೊಂದು ಸೋಂಕು ತಗುಲಿದರೆ, ನಿರ್ಜಲೀಕರಣವೂ ಸೇರಿಕೊಂಡು, ನೇರ ಆಸ್ಪತ್ರೆ.

ಅದಕ್ಕೇ ಒಳ್ಳೆಯ ತರಗತಿಯಲ್ಲಿ ಮೊದಲ ದಿನವೇ ಗೆರೆ ಎಳೆದಿರುತ್ತಾರೆ. ಊಟ, ನಡಿಗೆ, ನಿದ್ದೆ, ಪಾದದ ಆರೈಕೆ, ಅಳುಕು, ಸಿಟ್ಟು ಎಲ್ಲ ಹಂಚಿಕೊಳ್ಳಿ. ಮಾತ್ರೆ, ಇನ್ಸುಲಿನ್ ಡೋಸ್ ಮಾತ್ರ ನೀವು ಮತ್ತು ನಿಮ್ಮ ಡಾಕ್ಟರ್ ನಡುವಿನದು. ಯಾರಾದರೂ ‘ಮಾತ್ರೆ ಬಿಟ್ಟೆ’ ಅಂದಾಗ ನಡೆಸುವವರು ಏನು ಮಾಡುತ್ತಾರೆ ಅಂತ ಗಮನಿಸಿ. ನಕ್ಕು ಮುಂದೆ ಹೋದರೆ ಅದು ಸರಿಯಾದ ತರಗತಿಯಲ್ಲ. ಆ ಮಾತನ್ನು ಅಲ್ಲೇ ನಿಲ್ಲಿಸಿ, ಅವರ ವಿಷಯದಲ್ಲಿ ಏನಾಗಿರಬಹುದು, ಬೇರೆಯವರಿಗೆ ಅದು ಯಾಕೆ ಒಗ್ಗದು ಅಂತ ಬಿಡಿಸಿ ಹೇಳಿದರೆ ನೀವು ಒಳ್ಳೆಯ ಕೈಯಲ್ಲಿದ್ದೀರಿ. ಇಂಥ ಮಾತು ಗುಂಪಿನಲ್ಲಿ ಬಾಯಿಬಿಟ್ಟು ಬರುವುದೇ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಮೆಟ್ಟಿಲ ಹತ್ತಿರ, ಫೋನಿನಲ್ಲಿ, ಮದುವೆ ಮನೆಯಲ್ಲಿ ಅದನ್ನು ಕೇಳಿದಾಗ ತಿದ್ದಲು ಯಾರೂ ಇರುವುದಿಲ್ಲ.

ಇನ್ಸುಲಿನ್ ತಗೊಳ್ಳುವವರ ಪಕ್ಕ ಕೂರಲು ಭಯ ಅಂದಿದ್ದೀರಿ. ಇನ್ಸುಲಿನ್ ಅಂದರೆ ಕೊನೆಯ ಹಂತ, ಅದು ಶುರುವಾದರೆ ಕಿಡ್ನಿ ಹೋಗುತ್ತೆ, ಕಣ್ಣು ಹೋಗುತ್ತೆ ಅನ್ನುವ ನಂಬಿಕೆ ಬಹಳ ಜನರಲ್ಲಿದೆ. ಅದು ಬಂದ ದಾರಿ ನನಗೆ ಅರ್ಥವಾಗುತ್ತದೆ. ವರ್ಷಗಟ್ಟಲೆ ಶುಗರ್ ಏರಿದ್ದು, ಕಿಡ್ನಿಗೆ ಆಗಲೇ ಪೆಟ್ಟು ಬಿದ್ದ ಮೇಲೆ, ತೀರಾ ತಡವಾಗಿ ಇನ್ಸುಲಿನ್ ಶುರು ಮಾಡಿದವರನ್ನು ಜನ ನೋಡಿದ್ದಾರೆ. ನಂತರ ಆದದ್ದಕ್ಕೆಲ್ಲ ಸೂಜಿಯೇ ಕಾರಣ ಅಂದುಕೊಂಡಿದ್ದಾರೆ. ಪೆಟ್ಟು ಕೊಟ್ಟದ್ದು ಅದಕ್ಕೂ ಹಿಂದಿನ ವರ್ಷಗಳ ಏರಿದ ಶುಗರ್. ಇನ್ಸುಲಿನ್‌ಗೆ ಅದರದೇ ತೊಂದರೆಗಳಿವೆ: ಲೋ ಆಗುವುದು, ತೂಕ ಸ್ವಲ್ಪ ಏರುವುದು. ಕಿಡ್ನಿ ಹಾಳುಮಾಡುವುದು ಆ ಪಟ್ಟಿಯಲ್ಲಿಲ್ಲ. ನಿಮಗೆ ಇನ್ಸುಲಿನ್ ಬೇಕು ಅಂತ ನಾನು ಹೇಳುತ್ತಿಲ್ಲ. ಆದರೆ ಹತ್ತು ವರ್ಷದಿಂದ ಚುಚ್ಚಿಕೊಂಡು, ಕೆಲಸ ಮಾಡಿಕೊಂಡು, ಜೋಕ್ ಹೇಳಿಕೊಂಡು ಇರುವವರ ಪಕ್ಕದಲ್ಲಿ ಕೂತರೆ ಆ ಭಯ ಇಳಿಯುವುದೇ ಜಾಸ್ತಿ.

ಕಾಲು ಕಳೆದುಕೊಂಡವರ ವಿಷಯ ಬೇರೆ. ಅಲ್ಲಿ ಭಯ ಆಗುತ್ತದೆ, ಆಗುವುದಿಲ್ಲ ಅಂತ ನಾನು ಮಾತು ಕೊಡಲಾರೆ. ಕೆಲವು ತರಗತಿಗಳಲ್ಲಿ ಭಯ ಹುಟ್ಟಿಸಲಿಕ್ಕೇ ಕೊಳೆತ ಪಾದಗಳ ಚಿತ್ರ ತೋರಿಸುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಹೆದರಿದವರು ಪರೀಕ್ಷೆಗೆ ಬರುವುದನ್ನೇ ಬಿಡುತ್ತಾರೆ. ಆದರೆ ಸ್ವತಃ ಅನುಭವಿಸಿದವರು ಬಾಯಿಬಿಟ್ಟು ಹೇಳುವುದು ಬೇರೆ ತೂಕದ್ದು. ಅವರಲ್ಲಿ ಬಹಳ ಜನ ಹೇಳುವುದು ಒಂದೇ ಬಗೆಯ ಕತೆ: ಸ್ಪರ್ಶ ಕಡಿಮೆಯಾಗಿತ್ತು, ಬಿಗಿ ಚಪ್ಪಲಿ ಕಚ್ಚಿ ಸಣ್ಣ ಗುಳ್ಳೆ ಎದ್ದಿತ್ತು, ನೋವಿಲ್ಲ ಅಂತ ಬಿಟ್ಟರು. ದಿನಕ್ಕೊಮ್ಮೆ ಪಾದದ ಅಡಿ, ಬೆರಳ ಸಂದು ನೋಡಿಕೊಳ್ಳುವ ಅಭ್ಯಾಸ ನಿಮಗೆ ಇದೆಯಾ? ಪತ್ರದಲ್ಲಿ ಅದರ ಸುದ್ದಿ ಇಲ್ಲ. ಬಗ್ಗಿ ನೋಡಲು ಆಗದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟುಕೊಂಡರೆ ಆಯ್ತು.

ನಾಚಿಕೆಯ ವಿಷಯ ನನಗೆ ಮುಖ್ಯ ಅನ್ನಿಸಿತು. ಮೊದಲನೆಯದಾಗಿ, ನಿಮ್ಮ ಸಂಖ್ಯೆಯನ್ನು ಯಾರೂ ಬಲವಂತವಾಗಿ ಹೇಳಿಸುವ ಹಾಗಿಲ್ಲ. ‘ನಾನು ಈ ವಾರ ಕೇಳಿಸಿಕೊಳ್ಳುತ್ತೇನೆ’ ಅಂದರೆ ಒಪ್ಪಬೇಕು. ಮೊದಲೇ ಫೋನ್ ಮಾಡಿ ಇದನ್ನು ಕೇಳಿಕೊಳ್ಳಿ. ಆದರೆ ಈ ನಾಚಿಕೆ ಎಲ್ಲಿಂದ ಬಂತು ಅಂತಲೂ ಸ್ವಲ್ಪ ಯೋಚಿಸಿ. ಬಿಪಿ 150 ಇದೆ ಅಂತ ಹೇಳಲು ಯಾರೂ ನಾಚುವುದಿಲ್ಲ. ಶುಗರ್ 250 ಅಂದರೆ ಮಾತ್ರ ‘ತಿನ್ನೋದು ಬಿಡಲ್ಲ ಇವರು’ ಅನ್ನುವ ನೋಟ ಸಿಗುತ್ತದೆ, ಅಲ್ವಾ? ಸಿಹಿ ತಿಂದದ್ದಕ್ಕೇ ಈ ಕಾಯಿಲೆ ಬಂತು ಅನ್ನುವುದು ಅರ್ಧ ಸತ್ಯವೂ ಅಲ್ಲ. ವಂಶದ ಗುಣ, ವಯಸ್ಸು, ಹೊಟ್ಟೆಯ ಸುತ್ತ ಸೇರುವ ಕೊಬ್ಬು, ಕೂತೇ ಮಾಡುವ ಕೆಲಸ, ಕೆಲವು ಔಷಧಿಗಳು, ಹೆಂಗಸರಲ್ಲಿ ಬಸುರಿಯಾಗಿದ್ದಾಗ ಬಂದುಹೋದ ಮಧುಮೇಹ, ಎಲ್ಲ ಸೇರಿ ಬರುವ ಕಾಯಿಲೆ ಇದು. ಸಿಹಿ ಪಾನೀಯ, ಅತಿಯಾದ ಊಟ ತೂಕ ಏರಿಸಿ ದಾರಿ ಮಾಡಿಕೊಡುತ್ತವೆ, ನಿಜ. ಒಬ್ಬರೇ ಅಪರಾಧಿ ಅಂತ ಬೆರಳು ತೋರಿಸಲು ಆಗುವುದಿಲ್ಲ.

ದಿನಾ ಲೆಕ್ಕ ಹಾಕಿ, ದಿನಾ ತಪ್ಪಿತಸ್ಥ ಭಾವ ಹೊತ್ತು ಸುಸ್ತಾಗುವುದಕ್ಕೆ ನಾವು ಡಯಾಬಿಟಿಸ್ ಡಿಸ್ಟ್ರೆಸ್ ಅನ್ನುತ್ತೇವೆ. ಇದು ಖಿನ್ನತೆಯೇ ಆಗಿರಬೇಕಿಲ್ಲ, ಆದರೂ ಶುಗರ್ ಮೇಲೆ ಪರಿಣಾಮ ಮಾಡುತ್ತದೆ. ‘ಎಷ್ಟು ಮಾಡಿದರೂ ಇಷ್ಟೇ’ ಅಂತ ಅನ್ನಿಸಿದವರು ಮೀಟರ್ ನೋಡುವುದನ್ನೇ ನಿಲ್ಲಿಸುತ್ತಾರೆ. ಈ ದಣಿವಿಗೆ ನನ್ನ ಸಲಹೆಗಿಂತ ಪಕ್ಕದ ಕುರ್ಚಿಯವರ ‘ನನಗೂ ಹಾಗೇ’ ಅನ್ನುವ ಮಾತು ಹೆಚ್ಚು ನಾಟುತ್ತದೆ. ರೋಗಿಗಳೇ ನಡೆಸುವ ತರಗತಿಗಳ ಬಗ್ಗೆ ಅಮೆರಿಕದ ಸ್ಟ್ಯಾನ್‌ಫರ್ಡ್‌ನವರು 2009ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ತೋರಿಸಿತು. ಆರು ತಿಂಗಳಲ್ಲಿ ಎಚ್‌ಬಿಎ1ಸಿ ಹೇಳುವಷ್ಟು ಇಳಿಯಲಿಲ್ಲ. ಆದರೆ ಖಿನ್ನತೆ ಕಡಿಮೆಯಾಯಿತು, ಲೋ ಶುಗರ್‌ನ ಲಕ್ಷಣಗಳು ಕಡಿಮೆಯಾದವು, ಡಾಕ್ಟರ್ ಹತ್ತಿರ ಮಾತಾಡುವ ಧೈರ್ಯ ಬಂತು.

ಹಾಗಂತ ಎಲ್ಲರಿಗೂ ಗುಂಪೇ ಸರಿ ಅನ್ನುವುದಿಲ್ಲ. ಬಸುರಿಯರು, ಹೊಸದಾಗಿ ಟೈಪ್ 1 ಪತ್ತೆಯಾದವರು ಬೇರೆ ತರಗತಿಗೆ ಹೋಗಬೇಕು, ಅವರ ಲೆಕ್ಕವೇ ಬೇರೆ. ಪದೇ ಪದೇ ತೀವ್ರ ಲೋ ಆಗುವವರು, ಗಂಭೀರ ಖಿನ್ನತೆ ಇರುವವರು, ಊಟದ ಜೊತೆಗಿನ ಸಂಬಂಧವೇ ಕೆಟ್ಟಿರುವವರು ಮೊದಲು ಒಬ್ಬರೇ ತಜ್ಞರನ್ನು ನೋಡಬೇಕು. ಕಿವಿ ಮಂದವಿರುವವರಿಗೆ ದೊಡ್ಡ ಗುಂಪು ಹಿಂಸೆ. ಕಿಡ್ನಿ ತೊಂದರೆ ಇದ್ದವರಿಗೆ ಊಟದ ಸಲಹೆ ಬೇರೆಯಾಗುತ್ತದೆ, ಗುಂಪಿನಲ್ಲಿ ಹೇಳುವ ಸಾಮಾನ್ಯ ಸಲಹೆ ಅವರಿಗೆ ಹೊಂದದೆ ಇರಬಹುದು.

ನೀವು ಕೇಳಿದ ಡಯಟಿಶಿಯನ್ ವಿಷಯ: ಖಂಡಿತ ಹೋಗಬಹುದು, ಎರಡನ್ನೂ ಮಾಡಬಹುದು. ಒಂದನ್ನೇ ಆರಿಸಬೇಕಾಗಿಲ್ಲ. ನಿಮ್ಮ ಮಧ್ಯಾಹ್ನದ ಲೋ, ಕಡಿಮೆ ಮಾಡಿಕೊಂಡ ರಾತ್ರಿ ಊಟ, ಇವೆರಡನ್ನು ಸರಿಮಾಡಲು ಒಂದೆರಡು ಬಾರಿ ಒಬ್ಬರೇ ಕೂತು ಮಾತಾಡುವುದು ಗುಂಪಿಗಿಂತ ಚುರುಕಾಗಿ ಆಗುತ್ತದೆ. ಅದರ ಕೊರತೆ ಏನೆಂದರೆ ಸಮಯ ಕಡಿಮೆ ಸಿಗುತ್ತದೆ, ಮತ್ತು ಕೈಗೆ ಊಟದ ಚಾರ್ಟ್ ಕೊಟ್ಟು ಮುಗಿಸಿಬಿಡುವ ಅಭ್ಯಾಸ ಬಹಳ ಕಡೆ ಇದೆ. ವಿಡಿಯೊಗಳಲ್ಲಿ ಒಳ್ಳೆಯವೂ ಇವೆ. ಆದರೆ ನಿಮ್ಮ ಗ್ಲಿಮೆಪಿರೈಡ್ ಬಗ್ಗೆ ವಿಡಿಯೊಗೆ ಗೊತ್ತಿಲ್ಲ. ‘16 ಗಂಟೆ ಉಪವಾಸ ಮಾಡಿ’ ಅನ್ನುವ ವಿಡಿಯೊ ಮೆಟ್‌ಫಾರ್ಮಿನ್ ಮಾತ್ರ ತಗೊಳ್ಳುವವರಿಗೆ ಅಷ್ಟು ಅಪಾಯ ಮಾಡದಿರಬಹುದು, ನಿಮಗೆ ಮಾಡುತ್ತದೆ. ಫೋನಿನ ಚಾಟ್ ಗುಂಪುಗಳ ಬಗ್ಗೆ ನನಗೆ ಅನುಮಾನ ಜಾಸ್ತಿ. ಅಲ್ಲಿ ಜೋರಾಗಿ ಮಾತಾಡುವವರೇ ಗುರುಗಳು, ತಿದ್ದುವವರಿಲ್ಲ. ಆನ್‌ಲೈನ್ ತರಗತಿ ಬೇರೆ. ತರಬೇತಿ ಪಡೆದವರು ನಡೆಸುತ್ತಿದ್ದು, ಪ್ರಶ್ನೆ ಕೇಳಲು ಅವಕಾಶ ಇದ್ದರೆ ಅದೂ ಪರವಾಗಿಲ್ಲ. ನಾಚಿಕೆ ಜಾಸ್ತಿ ಇರುವವರಿಗೆ ಒಳ್ಳೆಯ ಮೊದಲ ಹೆಜ್ಜೆ.

ತರಗತಿ ಆರಿಸುವಾಗ ನಾನು ನೋಡುವುದು ಹೀಗೆ. ನಡೆಸುವವರು ಮಧುಮೇಹದ ತರಬೇತಿ ಪಡೆದ ನರ್ಸ್, ಡಯಟಿಶಿಯನ್, ಫಾರ್ಮಸಿಸ್ಟ್ ಅಥವಾ ಡಾಕ್ಟರ್ ಆಗಿರಬೇಕು. ರೋಗಿಗಳೇ ನಡೆಸುವುದಾದರೆ ಬೆನ್ನಿಗೆ ಇಂಥವರು ಇರಬೇಕು. ಹತ್ತು ಹದಿನೈದು ಜನ ಇದ್ದರೆ ಎಲ್ಲರಿಗೂ ಮಾತಾಡಲು ಆಗುತ್ತದೆ. ಐವತ್ತು ಜನರನ್ನು ಕೂರಿಸಿ ಪರದೆಯ ಮೇಲೆ ಸ್ಲೈಡ್ ತೋರಿಸಿದರೆ ಅದು ಭಾಷಣ, ಮನೆಯಲ್ಲೇ ನೋಡಬಹುದು. ಕೊನೆಯಲ್ಲಿ ಪೌಡರ್, ಕಷಾಯ, ವಿಶೇಷ ಹಿಟ್ಟು ಮಾರಲು ಶುರು ಮಾಡಿದರೆ ಎದ್ದು ಬನ್ನಿ. ಆರು ವಾರ ಮುಗಿದ ಮೇಲೆ ಮತ್ತೆ ಸೇರುವ ವ್ಯವಸ್ಥೆ ಇದೆಯಾ ಅಂತ ಕೇಳಿ. ಮತ್ತೊಂದು ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು: ತರಗತಿಯಲ್ಲಿ ಶುಗರ್ ನೋಡುವಾಗ ಬೆರಳು ಚುಚ್ಚುವ ಪೆನ್ನನ್ನು ಒಬ್ಬರಿಂದ ಒಬ್ಬರಿಗೆ ಕೊಡಬಾರದು, ಸೂಜಿ ಬದಲಿಸಿದರೂ ಕೊಡಬಾರದು. ಇಂಥ ಹಂಚಿಕೆಯಿಂದ ಹೆಪಟೈಟಿಸ್ ಬಿ ಹರಡಿದ ಉದಾಹರಣೆಗಳಿವೆ. ಇನ್ಸುಲಿನ್ ಪೆನ್ನಿಗೂ ಇದೇ ನಿಯಮ. ನಿಮ್ಮದೇ ಮೀಟರ್ ತಗೊಂಡು ಹೋಗಿ.

ಮಗನನ್ನು ಒಂದು ದಿನವಾದರೂ ಜೊತೆಗೆ ಕರೆದುಕೊಂಡು ಹೋಗಿ ಅನ್ನುವುದು ನನ್ನ ಸಲಹೆ. ಲೋ ಆದಾಗ ಮನೆಯಲ್ಲಿ ಯಾರು ಏನು ಮಾಡಬೇಕು ಅನ್ನುವ ಪಾಠದ ದಿನ ಆದರೆ ಇನ್ನೂ ಒಳ್ಳೆಯದು. ‘ಅಮ್ಮಾ ಅದು ತಿನ್ನಬೇಡ’ ಅನ್ನುವ ಮಕ್ಕಳು ಆ ದಿನ ಸ್ವಲ್ಪ ಮೆತ್ತಗಾಗುವುದನ್ನು ನೋಡಿದ್ದೇನೆ.

ಹೋಗುವ ಮೊದಲು ಮೂರು ದಿನ ಹೀಗೆ ಬರೆದಿಡಿ: ಬೆಳಗ್ಗೆ ಎದ್ದಾಗಿನ ಶುಗರ್, ಮಧ್ಯಾಹ್ನದ ಊಟಕ್ಕೆ ಮೊದಲು, ಊಟದ ಎರಡು ಗಂಟೆ ನಂತರ, ಮಲಗುವಾಗ. ಪಕ್ಕದಲ್ಲಿ ಮಾತ್ರೆ ತಗೊಂಡ ಹೊತ್ತು, ಊಟದ ಹೊತ್ತು. ನಡುಕ ಬಂದರೆ ಅದನ್ನೂ ಬರೆಯಿರಿ. ಈ ಒಂದು ಹಾಳೆ ಡಾಕ್ಟರ್‌ಗೂ ಬೇಕು, ತರಗತಿಗೂ ಬೇಕು. ರಾತ್ರಿ ಊಟವನ್ನು ಮೊದಲಿನ ಹದಕ್ಕೆ ಯಾವಾಗ ತರಬೇಕು ಅಂತ ಡಾಕ್ಟರ್ ಹತ್ತಿರ ಫೋನಿನಲ್ಲೇ ಕೇಳಿಬಿಡಿ. ರಕ್ತಹೀನತೆ ಇದ್ದರೆ, ಇತ್ತೀಚೆಗೆ ರಕ್ತ ಕೊಡಿಸಿಕೊಂಡಿದ್ದರೆ ಅದನ್ನೂ ಹೇಳಿ, ಎಚ್‌ಬಿಎ1ಸಿ ಲೆಕ್ಕ ಅದರಿಂದ ತಪ್ಪಾಗಿ ಬರಬಹುದು.

ಮೊದಲ ಎರಡು ವಾರ ಹೋಗಿ ನೋಡಿ. ಮೂರನೆಯ ವಾರಕ್ಕೂ ಹಿಂಸೆ ಅನ್ನಿಸಿದರೆ ಬಿಡಬಹುದು, ಆದರೆ ಬಿಡುವಾಗ ಡಾಕ್ಟರ್‌ಗೆ ಹೇಳಿ, ಅವರು ಬೇರೆ ದಾರಿ ನೋಡಲಿ. ಒಗ್ಗಿತು ಅಂದರೆ ಪೂರ್ತಿ ಮುಗಿಸಿ, ವರ್ಷಕ್ಕೊಮ್ಮೆ ಮತ್ತೆ ಹೋಗಿ. ಔಷಧಿ ಬದಲಾದಾಗ, ಬೇರೆ ಕಾಯಿಲೆ ಸೇರಿಕೊಂಡಾಗ, ಕೆಲಸ ಅಥವಾ ಮನೆಯ ಪರಿಸ್ಥಿತಿ ಬದಲಾದಾಗಲೂ ಒಮ್ಮೆ ಹೋಗಿಬರುವುದು ಒಳ್ಳೆಯದು. ಮೊದಲ ದಿನ ಸುಲಭವಾಗಿ ಬಿಚ್ಚುವ ಚಪ್ಪಲಿ ಹಾಕಿಕೊಳ್ಳಿ, ಪಾದ ಪರೀಕ್ಷೆ ಇರಬಹುದು. ಕೈಚೀಲದಲ್ಲಿ ಗ್ಲೂಕೋಸ್ ಇರಲಿ. ಎರಡು ಗಂಟೆಯ ತರಗತಿ ಕೆಲವೊಮ್ಮೆ ಊಟದ ಹೊತ್ತು ದಾಟಿಬಿಡುತ್ತದೆ.